ಪಾರ್ಕ್ ಎರಡನೇ ಸಲ ಒಳಗೆ ಬಂದದ್ದು

ಫ್ರಿಜ್ಜಿನ ಮೂಲೆಯಲ್ಲಿ ಮರೆತುಹೋಗಿದ್ದ ಮೂಲಂಗಿ ಉಪ್ಪಿನಕಾಯಿ ಹುಳಿಬಂದು ನಾರುತ್ತಿತ್ತು. ಹೆಂಡತಿ ಮೂಗು ಮುಚ್ಚಿಕೊಂಡು ಎಸೆಯಲು ಹೊರಟರೆ ನಾನು ಡಬ್ಬಿ ಕಸಿದುಕೊಂಡು ಮೂಸುತ್ತ ನಿಂತೆ. ಬೈದಳು. ಬೈಯಲಿ ಬಿಡಿ, ನಿಮಗಾದರೂ ಹೇಳುತ್ತೇನೆ. ಕುವೈತಿನ ಶುವೈಖಿನಲ್ಲಿ ನಾನು ಗುಮಾಸ್ತನಾಗಿದ್ದ ಕೊರಿಯನ್ ಕಟ್ಟಡ ಕಂಪನಿಯ ಕ್ಯಾಂಪಿನಲ್ಲಿ, ಊಟದ ಕೋಣೆ ಅವರ ಹುಳಿ ಉಪ್ಪಿನಕಾಯಿಯಿಂದ ಮೂರು ಹೊತ್ತೂ ಹೀಗೇ ನಾರುತ್ತಿತ್ತು.

ಎಂಬತ್ತರ ದಶಕದ ಆರಂಭ. ಅಲ್ಲಿಗೆ ಕಾರಿನ್ ಎಂಬ ಹುಡುಗಿ ಬಂದಳು. ಮುಖ ಕೊರಿಯದ್ದು, ಮಾತು, ಪಾಸ್‌ಪೋರ್ಟು ಡೆನ್ಮಾರ್ಕಿನವು. ಮೂರು ವರ್ಷದವಳಿದ್ದಾಗ ಅನಾಥಾಲಯದವರು ಅವಳನ್ನು ಅಲ್ಲಿಯ ದಂಪತಿಗೆ ದತ್ತು ಕೊಟ್ಟಿದ್ದರಂತೆ. ಈಗ ತನ್ನದೇ ಕಥೆಯನ್ನು ಸಾಕ್ಷ್ಯಚಿತ್ರ ಮಾಡಲು ಹೊರಟಿದ್ದಳು. ದತ್ತು ಕಾಗದದಲ್ಲಿದ್ದ ಅಣ್ಣನ ಹೆಸರು ಹಿಡಿದು ಹುಡುಕಿದರೆ, ಆತ ಸಿಕ್ಕಿದ್ದು ನಮ್ಮ ಕ್ಯಾಂಪಿನಲ್ಲಿ: ಕಂಬಿ ಕಟ್ಟುವವರ ಮೇಸ್ತ್ರಿ ಪಾರ್ಕ್. ಅವಳ ಕ್ಯಾಮೆರಾದವನಿಗೆ ವೀಸಾ ಸಿಗಲಿಲ್ಲ. ಊರಿನ ಮದುವೆಗಳಲ್ಲಿ ಫೋಟೊ ತೆಗೆದು ಅರ್ಧ ಜನರ ತಲೆ ಹಾರಿಸಿದ ಖ್ಯಾತಿ ನನಗಿತ್ತು. ಮ್ಯಾನೇಜರು ಕ್ಯಾಮೆರಾ ತಂದು ನನ್ನ ಹೆಗಲಿಗೇರಿಸಿದರು.

ಅಬ್ಬಬ್ಬಾ, ಆ ವಾರ! ಅವಳು ಗೇಟು ದಾಟಬೇಕು, ನಾನು ತೆಗೆಯಬೇಕು, ಆಮೇಲೆ ಅವಳು ಇಂಗ್ಲಿಷಿನಲ್ಲಿ ಹೇಳಬೇಕು: "ಇನ್ನೊಮ್ಮೆ." ಅವಳು ಆ ಕಾಗದ ಓದಬೇಕು. "ಇನ್ನೊಮ್ಮೆ." ನಡೆದದ್ದನ್ನು ನಡೆದಂತೆ ತೋರಿಸುವುದೇ ಸಾಕ್ಷ್ಯಚಿತ್ರ ಎಂದವಳು ಅವಳೇ. ಒಂದು ಗೇಟನ್ನು ಐದು ಸಲ ದಾಟುವುದು ಯಾವ ಸೀಮೆಯ ಸತ್ಯ ಸ್ವಾಮಿ? ಕಂಪನಿಯ ಡ್ರೈವರು, ಮಂಗಳೂರು ಕಡೆಯ ಶೇಖರಣ್ಣ, ಬೆವರೊರೆಸಿಕೊಳ್ಳುತ್ತ ಗೊಣಗುತ್ತಿದ್ದರು: "ಇದೆಂತ ಮಾರಾಯ್ರೆ? ಯಲ್ಲಾ, ಖಲಾಸ್, ಆಯ್ತು ಹೊರಡಿ ಅಂತ ಹೇಳಿ ಮುಗಿಸಿ. ನನಗೆ ಪೋರ್ಟಿಗೆ ಬೇರೆ ಹೋಗ್ಲಿಕ್ಕುಂಟು."

ಅಣ್ಣನನ್ನು ಮೊದಲ ಸಲ ನೋಡುವುದು ಕ್ಯಾಮೆರಾದ ಎದುರೇ ಆಗಬೇಕೆಂದು ಅವಳ ಹಟ. ಶುಕ್ರವಾರದ ರಜೆಯ ದಿನ ಊಟದ ಕೋಣೆಯಲ್ಲಿ ಅವಳನ್ನು ಕೂರಿಸಿದೆವು. ಪಾರ್ಕ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಳಗೆ ಬಂದ. ನೇರ ಹೋಗಿ ಅವಳ ಎಡತೋಳಿನ ಬಟ್ಟೆ ಮೇಲೆ ಸರಿಸಿ ನೋಡಿದ. ಬಲತೋಳನ್ನೂ ನೋಡಿದ. ಚಿಕ್ಕವನಿದ್ದಾಗ ಅವನ ಕೈತಪ್ಪಿ ತಂಗಿಯ ತೋಳಿನ ಮೇಲೆ ಕುದಿಯುವ ಗಂಜಿ ಚೆಲ್ಲಿತ್ತಂತೆ. ಇವಳ ತೋಳಲ್ಲಿ ಒಂದು ಕಲೆಯೂ ಇರಲಿಲ್ಲ.

"ಪೇಪರ್, ಮೈ ಸಿಸ್ಟರ್. ದಿಸ್ ಗರ್ಲ್, ನೋ," ಎಂದ, ಕ್ಯಾಂಪಿನಲ್ಲಿ ಕಲಿತ ಇಂಗ್ಲಿಷಿನಲ್ಲಿ.

ಅನಾಥಾಲಯದವರು ಒಬ್ಬಳ ಕಾಗದ ಕೊಟ್ಟು ಇನ್ನೊಬ್ಬಳನ್ನು ವಿಮಾನ ಹತ್ತಿಸಿದ್ದರು. ತಾನು ಯಾರೆಂದು ಹೇಳಲು ಈ ಹುಡುಗಿಯ ಬಳಿ ಇದ್ದದ್ದು ಆ ಕಾಗದವೊಂದೇ.

ಕಾರಿನ್ ಅಳಲಿಲ್ಲ. ತೋಳಿನ ಬಟ್ಟೆ ಸರಿಮಾಡಿಕೊಂಡು, ನನ್ನ ಕಡೆ ನೋಡದೆ, "ಇನ್ನೊಮ್ಮೆ" ಎಂದಳು.

ನನಗೆ ಪಿತ್ತ ನೆತ್ತಿಗೇರಿತು. "ಎಲ್ಲಾ ಬಂದಿದೆ ಮೇಡಂ, ಚೆನ್ನಾಗೇ ಬಂದಿದೆ," ಎಂದೆ. ಅವಳು ಮತ್ತೆ ಅದನ್ನೇ ಹೇಳಿದಳು. ಪಾರ್ಕ್ ಅವಳನ್ನು ಸ್ವಲ್ಪ ಹೊತ್ತು ನೋಡಿ, ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಬೇಕಾದರೆ ನಾಟಕ ಆಡಿಕೊಳ್ಳಲಿ, ನಾನಂತೂ ರೀಲು ಓಡಿಸುವುದಿಲ್ಲ ಎಂದು ಗುಂಡಿ ಒತ್ತದೆ ಸುಮ್ಮನೆ ಕ್ಯಾಮೆರಾ ಹೊತ್ತು ನಿಂತೆ. ಏಸಿಯ ಗದ್ದಲದಲ್ಲಿ ಯಾರಿಗೂ ತಿಳಿಯಲಿಲ್ಲ.

ಬಾಗಿಲು ತೆರೆಯಿತು. ಈ ಸಲ ಪಾರ್ಕ್ ತೋಳು ನೋಡಲಿಲ್ಲ. ಅವಳ ಮುಂದೆ ಮಂಡಿಯೂರಿ, ಎರಡೂ ಕೈ ಹಿಡಿದುಕೊಂಡು, ತಂಗಿಯ ಹೆಸರು ಹಿಡಿದು ಕರೆದ. ಅಷ್ಟು ವರ್ಷ ಆ ತಂಗಿಗೆ ಹೇಳಬೇಕೆಂದಿದ್ದನ್ನೆಲ್ಲ ಕೊರಿಯನ್ನಿನಲ್ಲಿ ಹೇಳತೊಡಗಿದ. ಒಂದಕ್ಷರವೂ ಅರ್ಥವಾಗದ ಕಾರಿನ್ ತಲೆಯಾಡಿಸುತ್ತ ಬಿಕ್ಕಿ ಬಿಕ್ಕಿ ಅತ್ತಳು. ಶೇಖರಣ್ಣ ಗೋಡೆಯ ಕಡೆ ತಿರುಗಿಕೊಂಡರು. ನನ್ನ ಬೆರಳು ಗುಂಡಿಯ ಮೇಲೇ ಇತ್ತು. ಒತ್ತಬೇಕೆಂದು ಹೊಳೆಯಲೇ ಇಲ್ಲ.

"ಸಿಕ್ಕಿತೇ?" ಎಂದು ಕೊನೆಗೆ ಕೇಳಿದಳು. ಹೂಂ ಎಂದೆ.

ರೀಲುಗಳನ್ನು ಡೆನ್ಮಾರ್ಕಿನಲ್ಲಿ ತೊಳೆಸಿದಾಗ ಅವಳಿಗೆ ಗೊತ್ತಾಗಿರಬೇಕು. ಅವಳಿಂದ ಒಂದು ಕಾಗದವೂ ಬರಲಿಲ್ಲ. ಇಷ್ಟು ವರ್ಷ ಅವಳ 'ಇನ್ನೊಮ್ಮೆ'ಯನ್ನು ಅಣಕಿಸಿ ಎಷ್ಟು ಜನರನ್ನು ನಗಿಸಿದ್ದೇನೋ, ಗುಂಡಿಯ ವಿಷಯ ಮಾತ್ರ ಯಾರಿಗೂ ಹೇಳಿರಲಿಲ್ಲ. ಇವತ್ತು ಹೇಳುತ್ತಿದ್ದೇನೆ, ನಾಚಿಕೆಯಾಗುತ್ತಿದೆ. ಆ ಚಿತ್ರ ನೋಡಿದವರೆಲ್ಲ ಅವಳಿಗೆ ಅಣ್ಣ ಸಿಗಲಿಲ್ಲವೆಂದೇ ತಿಳಿದಿರುತ್ತಾರೆ. ಸಿಕ್ಕಿದ್ದ. ನಾನು ನೋಡಿದ್ದೇನೆ.