ಮೂವತ್ತು ಎಂದರೆ ಎಷ್ಟು

ನನ್ನ ಗಂಡನಿಗೆ ಮಳೆಯ ಹುಚ್ಚು. ಮಾರ್ಚ್ ಬಂತೆಂದರೆ ಸಾಕು, ಮೋಡ ಎಲ್ಲಿ ಕಟ್ಟಿತು, ಗುಡುಗು ಯಾವ ಕಡೆ ಕೇಳಿತು ಎಂದು ಜೀಪು ಹತ್ತಿ ಅದರ ಹಿಂದೆ ಹೊರಡುತ್ತಾರೆ. ಮೊದಲು ನಾಲ್ಕೈದು ಬೆಳೆಗಾರರಿಗೆ ಫೋನು ಮಾಡಿ ಹೇಳುತ್ತಿದ್ದರು. ಆಮೇಲೆ ಮೊಬೈಲಿನಲ್ಲಿ ಅವರದೇ ಚಾನೆಲ್ ಶುರುವಾಯಿತು. ಈಗ ಸಂಪಾಜೆಯಿಂದ ವಿರಾಜಪೇಟೆಯವರೆಗೆ ಇವರನ್ನು ಕೇಳದೆ ಯಾರೂ ಆಕಾಶ ನೋಡುವುದಿಲ್ಲ. ತೋಟ ನಾನು ನೋಡುತ್ತೇನೆ. ಯಾರಾದರೂ ನೋಡಬೇಕಲ್ಲ.

ಸಿದ್ದಾಪುರದಿಂದ ಕುಶಾಲನಗರಕ್ಕೆ ಹೋಗುವ ರಸ್ತೆಯ ಒಳಗೆ ನಮ್ಮ ಮೂರೆಕರೆ ರೋಬಸ್ಟಾ ಕಾಫಿ ತೋಟ ಇದೆ. ಅದರಲ್ಲಿ ಮೇಲಿನ ಒಂದೆಕರೆಯ ಗಿಡಗಳನ್ನು ಬೀಜದಿಂದ ಎಬ್ಬಿಸಿ ನೆಟ್ಟವಳು ನಾನು. ಈ ಕತೆ ನಡೆದ ವರ್ಷ ಮೊದಲ ಸಲ ಅವು ಕೊಂಬೆ ತುಂಬ ಮೊಗ್ಗು ಹೊತ್ತಿದ್ದವು. ಮೊಗ್ಗಿಗೆ ಒಂದೇ ಸಲಕ್ಕೆ ಒಂದಿಂಚು ನೀರು ಬೇಕು, ಮೊಗ್ಗರಳಿಸುವ ಹೂಮಳೆಯದಾದರೂ ಸರಿ, ಸ್ಪ್ರಿಂಕ್ಲರಿನದಾದರೂ ಸರಿ. ಅರೆಬರೆ ಬಿದ್ದರೆ ಬೀಳದೇ ಇದ್ದದ್ದಕ್ಕಿಂತ ಕೆಟ್ಟದ್ದು. ಎಚ್ಚರವಾದ ಮೊಗ್ಗು ಅರಳಲಾರದೆ ಕೆಂಪಗಾಗಿ ಅಲ್ಲೇ ಒಣಗುತ್ತದೆ.

ನಾಲ್ಕು ಮನೆಗೆ ಸೇರಿ ಒಂದು ಪಂಪು ಇತ್ತು. ಅದನ್ನು ನೋಡಿಕೊಳ್ಳುವವರು ಪಕ್ಕದ ತೋಟದ ಮಲಯಾಳಿ ಚೇಟ. ಆ ಮಾರ್ಚಿನ ಒಂದು ದಿನ ನಮ್ಮ ಸರದಿ. ಚೇಟ ಬೆಳಿಗ್ಗೆಯೇ ಪಿಕಪ್‌ನಲ್ಲಿ ಪಂಪು ಹೇರಿಕೊಂಡು ಬಂದರು. ನನ್ನ ಗಂಡ ಕಾಫಿ ಕುಡಿಯುತ್ತ ಜಗಲಿಯಿಂದಲೇ ಕೈ ಅಡ್ಡ ಹಿಡಿದರು.

"ಇಳಿಸ್ಬೇಡಿ ಚೇಟ. ಇವತ್ತು ಹೂಮಳೆ ಗ್ಯಾರಂಟಿ. ಸುಮ್ನೆ ಡೀಸೆಲ್ ಯಾಕೆ ಸುಡೋದು?"

"ಸಂಜೆ ತನಕ ನೋಡ್ತೇನೆ. ಆಮೇಲೆ ಹೊಳೆ ಆಚೆ ಮನೆಗೆ ಹೋದ್ರೆ ಹತ್ತು ದಿವ್ಸ ವಾಪಸ್ ಬರೂದಿಲ್ಲ, ಆಯ್ತಾ?" ಎಂದರು ಚೇಟ. ಹೇಳಿದ್ದು ಇವರಿಗೆ, ನೋಡಿದ್ದು ನನ್ನನ್ನು.

ಎರಡನೇ ಫೋನು ಹಿಡಿಯಲು ಜನ ಬೇಕೆಂದು ನನ್ನನ್ನೂ ಜೀಪಿಗೆ ಹತ್ತಿಸಿದರು. ಮನೆಯಲ್ಲಿ ಅತ್ತೆ ಉಳಿದರು. ಮಳೆ ಅಳೆಯುವುದು ಅವರ ಕೆಲಸ. ಮಾವ ಇದ್ದಾಗಿನಿಂದಲೂ ಅಂಗಳದ ಮಳೆಮಾಪಕದ ನೀರನ್ನು ಅದೇ ಹಳೆಯ ಗಾಜಿನ ಅಳತೆಗೆ ಸುರಿದು ಸೆಂಟಿನಲ್ಲಿ ಹೇಳುತ್ತಾರೆ. ಜಾಗವನ್ನೂ ಸೆಂಟಿನಲ್ಲಿ, ಮಳೆಯನ್ನೂ ಸೆಂಟಿನಲ್ಲಿ ಅಳೆಯುವ ಜನ ನಾವು. ನೂರು ಸೆಂಟಾದರೆ ಒಂದಿಂಚು. ಚಾನೆಲ್‌ಗೆ ಇದು ಹಳೇ ಕಾಲದ್ದಾಯಿತು. ಇಪ್ಪತ್ತೈದಕ್ಕೆ ಒಂದಿಂಚಾಗುವ ಮಿಲ್ಲಿಮೀಟರಿನ ಹೊಸ ಅಳತೆಗಾಜನ್ನು ಇವರು ತಂದುಕೊಟ್ಟು, "ಇನ್ಮೇಲೆ ಇದ್ರಲ್ಲೇ ನೋಡಮ್ಮ" ಎಂದಿದ್ದರು. ಅತ್ತೆ ಅದನ್ನು ಒರೆಸಿ ಶೋಕೇಸಿನಲ್ಲಿಟ್ಟಿದ್ದರು. ದಿನಾ ಅದರ ಧೂಳು ಹೊಡೆಯುವವಳು ನಾನು, ಹಾಗಾಗಿ ಅದು ಒಮ್ಮೆಯೂ ಅಂಗಳಕ್ಕಿಳಿದಿಲ್ಲವೆಂದು ನನಗೆ ಗೊತ್ತಿತ್ತು.

ಹೆಬ್ಬಾಲೆ ದಾಟಿದ ಮೇಲೆ ನೆಲ ಚಪ್ಪಟೆ. ಆ ಬಯಲಿನಲ್ಲಿ ನಿಂತರೆ ಪಿರಿಯಾಪಟ್ಟಣದ ಕಡೆಯ ಆಕಾಶ ಪೂರ್ತಿ ಕಾಣುತ್ತದೆ. ಎರಡು ಗಂಟೆಗೆ ಅಲ್ಲಿ ಮೋಡ ಎದ್ದಿತು. ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಬುಡ ಕಾವಲಿಯ ತಳದ ಹಾಗೆ ಕಪ್ಪು, ನೆತ್ತಿ ಬೆಳ್ಳಗೆ. ಗಾಳಿ ಧೂಳೆಬ್ಬಿಸಿತು, ಆಲಿಕಲ್ಲು ಬಾನೆಟ್ಟಿನ ಮೇಲೆ ಟಣಟಣ ಬಿದ್ದವು. ಇವರು ಕಿಟಕಿಯಿಂದ ಅರ್ಧ ಮೈ ಹೊರಹಾಕಿ "ಬಂತು, ಬಂತು ಸ್ನೇಹಿತರೇ!" ಎಂದು ಕೂಗಿದರು. ಮದುವೆಯಾಗಿ ಹದಿನೇಳು ವರ್ಷದಲ್ಲಿ ನನ್ನನ್ನು ಕಂಡು ಒಮ್ಮೆಯೂ ಅವರ ಮುಖ ಹಾಗೆ ಅರಳಿದ್ದಿಲ್ಲ. ಮೋಡದ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ನಾನೊಬ್ಬಳೇ ಇರಬೇಕು.

ಮೋಡ ನಮ್ಮೂರಿನ ಕಡೆ ತಿರುಗಿತು, ನಾವೂ ತಿರುಗಿದೆವು. ಕುಶಾಲನಗರದ ಹತ್ತಿರ ವೈಪರ್ ಸಾಲದಷ್ಟು ಮಳೆ. ಗಾಡಿ ಬದಿಗೆ ನಿಲ್ಲಿಸಿ ಲೈವ್ ಮಾಡುತ್ತಿರುವಾಗ ನನ್ನ ಕೈಯಲ್ಲಿದ್ದ ಫೋನಿಗೆ ಅತ್ತೆ ಕರೆ ಮಾಡಿದರು. ಸ್ಪೀಕರಿಗೆ ಹಾಕಿದೆ.

"ಮಳೆ ನಿಲ್ತು ಕಣಪ್ಪ. ಮೂವತ್ತು."

"ಕೇಳಿದ್ರಾ ಸ್ನೇಹಿತರೇ? ನಮ್ಮ ತೋಟದಲ್ಲೇ ಮೂವತ್ತು ಮಿಲ್ಲಿಮೀಟರ್! ಒಂದಿಂಚಿಗೂ ಜಾಸ್ತಿ!"

"ರೀ, ಸೆಂಟಾ ಮಿಲ್ಲಿಯಾ ಕೇಳಿ," ಎಂದೆ.

ಅವರು ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿ ನಕ್ಕರು. "ನೋಡಿ, ನಮ್ಮನೆಯವ್ರು ಇನ್ನೂ ಅಜ್ಜನ ಕಾಲದ ಸೆಂಟಲ್ಲೇ ಇದ್ದಾರೆ. ಇವ್ರಿಗೆ ಮಳೆ ಅಂದ್ರೆ ಬಟ್ಟೆ ಒಳಗೆ ತರೋದು, ಅಷ್ಟೇ."

ಪರದೆಯ ಮೇಲೆ ನಗುವ ಮುಖಗಳು ಸಾಲುಸಾಲಾಗಿ ಮೇಲೇರಿದವು. ಕಿವಿ ಸುಟ್ಟಂತಾಯಿತು.

ಲೈವ್ ಮುಗಿಯುವ ಮೊದಲೇ ಚೇಟನ ಫೋನು. "ನಿಮಗೆ ಮಳೆ ಆಯ್ತಲ್ಲ, ಪಂಪು ಕಳಿಸ್ಲಾ?"

"ಕಳಿಸಿ, ಕಳಿಸಿ."

ಅತ್ತೆಯ ನಂಬರು ನನ್ನ ಬೆರಳಡಿಯೇ ಇತ್ತು. ಯಾವ ಗಾಜಿನಲ್ಲಿ ನೋಡಿದಿರಿ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಮರೆತೆ ಎಂದು ಬರೆಯಬಹುದು, ಮರೆತಿರಲಿಲ್ಲ. ಇವರು ತಪ್ಪಬೇಕು, ಊರೆದುರು ತಪ್ಪಬೇಕು ಎಂದು ಆ ಗಳಿಗೆಯಲ್ಲಿ ಮನಸಾರೆ ಬಯಸಿದೆ. ಸೋಲುವುದು ಯಾರ ಗಿಡ ಎಂಬುದು ತಲೆಗೆ ಬರಲೇ ಇಲ್ಲ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ನಾನು ನೇರ ಮೇಲಿನ ಎಕರೆಗೆ ಹೋಗಿ ದರಗೆಲೆ ಸರಿಸಿ ಬೆರಳಿನಿಂದ ಮಣ್ಣು ಕೆದಕಿದೆ. ಮೇಲೆ ಒದ್ದೆ, ಉಗುರಿನಷ್ಟು ಕೆಳಗೆ ಒಣಪುಡಿ. ಇವರೂ ಬಂದು ಕೆದಕಿದರು. ಚೇಟನಿಗೆ ಫೋನು ಮಾಡಿದರೆ ಪಂಪು ಆಗಲೇ ಹೊಳೆ ದಾಟಿತ್ತು. ಆಮೇಲೆ ಎಲ್ಲ ಸಿಟ್ಟೂ ಅತ್ತೆಯ ಮೇಲೆ ತಿರುಗಿತು.

"ಮಿಲ್ಲಿಮೀಟರ್ ಅಂತ ಬಡ್ಕೊಂಡಿದ್ದೆ ಅಲ್ವಾ? ನಿನ್ನಿಂದ ನನ್ನ ಮರ್ಯಾದೆ ಹೋಯ್ತು!"

"ನಾನು ಮೂವತ್ತು ಅಂದೆ. ಮೂವತ್ತೇ ಇತ್ತು," ಎಂದು ಅತ್ತೆ ಹಳೆಯ ಗಾಜನ್ನು ಎದೆಗವಚಿಕೊಂಡು ನಿಂತರು. ಇವರು ಅತ್ತ ಹೋದ ಮೇಲೆ "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಮೆಲ್ಲಗೆ ಗೊಣಗಿದರು. ನಾನು ಒಲೆಗೆ ಸೌದೆ ತುರುಕುತ್ತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಎಂಟನೇ ದಿನ, ನಮಗಿಂತ ಮೊದಲಿನ ಸರದಿಯಲ್ಲೇ ಪಂಪಿನ ನೀರು ಕುಡಿದಿದ್ದ ಚೇಟನ ತೋಟ ಬೆಳ್ಳಗೆ ಅರಳಿ, ಬೇಲಿ ದಾಟಿ ನಮ್ಮ ಅಡುಗೆಮನೆಯವರೆಗೂ ಪರಿಮಳ ಬಂತು. ನನ್ನ ಎಕರೆಯಲ್ಲಿ ಅಲ್ಲೊಂದು ಇಲ್ಲೊಂದು ಹೂವು, ಉಳಿದದ್ದೆಲ್ಲ ಕೆಂಪು. ಅತ್ತೆ ಕೋಲೂರಿಕೊಂಡು ಹತ್ತಿ ಬಂದು ಒಂದು ಕೊಂಬೆ ಹಿಡಿದರು. ಮೊಗ್ಗುಗಳು ಅವರ ಅಂಗೈಗೆ ಉದುರಿದವು.

"ನಾನು ಸೆಂಟಲ್ಲಿ ಹೇಳೋದು ನಿಂಗೂ ಗೊತ್ತಾಗ್ಲಿಲ್ವೇನವ್ವಾ?" ಎಂದು ಕೇಳಿದರು.

"ಇಲ್ಲ ಅತ್ತೆ," ಎಂದೆ.