ಅನುಮಾನಕ್ಕ ಕಾಯುವ ಮಜ್ಜೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಉಕ್ಕಿನ ತೊಟ್ಟಿಯೊಂದರ ಮುಚ್ಚಳ ತೆರೆದುಕೊಳ್ಳುತ್ತದೆ, ಬಿಳಿ ಹೊಗೆ ಉಕ್ಕಿ ನೆಲದ ಮೇಲೆ ಹರಿಯುತ್ತದೆ. ಎಲ್ಲ ಸರಿಯಿದೆ ಎಂದು ಗೋಡೆಯ ಮೇಲೆ ಹಸಿರು ದೀಪ ಉರಿಯುತ್ತಿದೆ. ಅದನ್ನು ನಂಬುವವರು ಬೇರೆ. ದಪ್ಪ ಕೈಗವಸು ತೊಟ್ಟ ಈ ಹೆಂಗಸು ಉದ್ದನೆಯ ಮರದ ಪಟ್ಟಿಯನ್ನು ಒಳಗಿಳಿಸಿ, ಮೇಲೆತ್ತಿ, ಹಿಮ ಎಲ್ಲಿಯವರೆಗೆ ಕಟ್ಟಿದೆ ಎಂದು ಕಣ್ಣಾರೆ ನೋಡುತ್ತಾರೆ. ಒಳಗಿನ ದ್ರವ ಸಾರಜನಕ ಎಷ್ಟಿದೆ ಎನ್ನುವುದಕ್ಕೆ ಅವರಿಗೆ ಅದೇ ಸಾಕ್ಷಿ.

"ದೀಪಕ್ಕೇನ್ರೀ, ಕೆಟ್ಟು ಕೂತಿದ್ರೂ ಹಸಿರಾಗೇ ಉರಿಯುತ್ತೆ," ಎಂದವರು, ತಮ್ಮ ಕೆಲಸ ನೋಡಿ ಬರೆಯಲು ಬಂದ ನನ್ನತ್ತ ತಿರುಗುತ್ತಾರೆ. "ನೀವು ಕೈ ತೊಳ್ಕೊಂಡಿದ್ದು ನಾನು ನೋಡ್ಲಿಲ್ಲ. ಇನ್ನೊಂದ್ಸಲ ತೊಳ್ಕೊಂಡ್ ಬನ್ನಿ."

ಗೊಣಗುತ್ತಲೇ ಹೋಗಿ ತೊಳೆದು ಬರುತ್ತೇನೆ. ಆಸ್ಪತ್ರೆಯವರು ಇವರನ್ನು ಅನುಮಾನಕ್ಕ ಎಂದು ಸುಮ್ಮನೆ ಕರೆಯುತ್ತಿಲ್ಲ. ಟೈಲರ್ ಕೆಲಸದ ಗಂಡನ ದೂರೂ ಅದೇ: "ಬೀಗ ಹಾಕಿ ಎಳೆದೆಳೆದು ನೋಡ್ತಾಳೆ, ಇರಲಿ. ನಾನು ಮಲಗಿದ್ರೆ ನಿಜವಾಗ್ಲೂ ನಿದ್ದೆ ಬಂದಿದ್ಯಾ ಅಂತ ಎಬ್ಬಿಸಿ ಕೇಳ್ತಾಳೆ!"

ಅನುಮಾನಕ್ಕ ಕಾಯುವುದು ರೋಗಿಗಳ ಅಸ್ಥಿಮಜ್ಜೆಯನ್ನು, ಅಂದರೆ ಮೂಳೆಯೊಳಗೆ ರಕ್ತ ಹುಟ್ಟಿಸುವ ತಿರುಳನ್ನು. ಇವತ್ತು ಹೊರಬರುವುದು ಒಬ್ಬ ಬಸ್ ಚಾಲಕನ ಮಜ್ಜೆ. ಅವನಿಗೆ ತೀವ್ರ ರಕ್ತ ಕ್ಯಾನ್ಸರ್. ಅವನ ಒಡಹುಟ್ಟಿದ ಅಕ್ಕನ ಮಜ್ಜೆ ಅವನಿಗೆ ಹೊಂದಲಿಲ್ಲ. ಮೊದಲ ಚಿಕಿತ್ಸೆಗೆ ರೋಗ ಕಣ್ಣಿಗೆ ಕಾಣದಷ್ಟು ತಗ್ಗಿದಾಗ ವೈದ್ಯರು ಅವನ ಸೊಂಟದ ಮೂಳೆಯಿಂದಲೇ ಮಜ್ಜೆ ತೆಗೆದು ಚೀಲಗಳಲ್ಲಿ ತುಂಬಿ ಹೆಪ್ಪುಗಟ್ಟಿಸಿಟ್ಟರು. ಆಮೇಲೆ ಕೊಟ್ಟ ಕಟು ಔಷಧಿಗೆ ಮೈಯಲ್ಲಿ ಉಳಿದ ಮಜ್ಜೆಯೆಲ್ಲ ಸುಟ್ಟುಹೋಗಿದೆ. ಇನ್ನು ಈ ಚೀಲದ ಮಜ್ಜೆ ಒಳಗೆ ಹೋಗಿ ಚಿಗುರಬೇಕು, ಇಲ್ಲದಿದ್ದರೆ ಅವನು ಉಳಿಯುವುದು ಕಷ್ಟ.

"ಹಳೇ ಇಂಜಿನ್ ಆಯಿಲನ್ನೇ ಸೋಸಿ ವಾಪಸ್ ಹಾಕ್ತಾರಂತೆ," ಎಂದು ಮೇಲಿನ ವಾರ್ಡಿನಲ್ಲಿ ಚಾಲಕ ನಗುತ್ತಾನೆ. ಹೆಂಡತಿಗೆ ನಗು ಬರುವುದಿಲ್ಲ. "ರೋಗ ಬಂದ ಮಜ್ಜೇನೇ ಮತ್ತೆ ಹಾಕೋದಾ ಅಕ್ಕಾ? ಅದರಲ್ಲೇ ಕಳ್ಳ ಅಡಗಿದ್ರೆ?" ಎಂದು ಅನುಮಾನಕ್ಕನನ್ನು ಅಡ್ಡಗಟ್ಟಿ ಕೇಳುತ್ತಾಳೆ.

ಬೇರೆಯವರಾಗಿದ್ದರೆ ಏನೋ ಹೇಳಿ ಜಾರಿಕೊಳ್ಳುತ್ತಿದ್ದರು. ಇವರು ಜಾರುವುದಿಲ್ಲ. "ಅಡಗಿರಬಹುದು ಕಣಮ್ಮಾ. ಡಾಕ್ಟರೂ ಅದನ್ನೇ ಹೇಳಿದಾರೆ. ಇಲ್ಲ ಅಂತ ನಾನು ಹೆಂಗೆ ಹೇಳ್ಲಿ? ಬೇರೆ ದಾರಿ ಇದ್ದಿದ್ರೆ ಇದಕ್ಕೆ ಕೈ ಹಾಕ್ತಿರಲಿಲ್ಲ."

ಚಾಲಕನ ಹಾಸಿಗೆಯ ಪಕ್ಕದಲ್ಲೇ ಬೆಚ್ಚಗಿನ ನೀರಿನ ತೊಟ್ಟಿ ಸಿದ್ಧವಾಗಿದೆ. ಅನುಮಾನಕ್ಕ ಅವನ ಕೈಪಟ್ಟಿ ಓದುತ್ತಾರೆ, ಅವನ ಬಾಯಿಂದಲೇ ಹೆಸರು, ಹುಟ್ಟಿದ ದಿನ ಹೇಳಿಸುತ್ತಾರೆ, ನರ್ಸ್ ಕೈಲೂ ಓದಿಸುತ್ತಾರೆ. ಆಮೇಲೆ ಮಜ್ಜೆಯ ಚೀಲವನ್ನು ಇನ್ನೊಂದು ಶುದ್ಧ ಚೀಲದೊಳಗಿಟ್ಟು ನೀರಿಗಿಳಿಸುತ್ತಾರೆ. ಈ ಹೊರಚೀಲ ಅವರ ಹಟ. "ಅಕ್ಕ ಚೀಲಕ್ಕೂ ಕೋಟು ತೊಡಿಸ್ತಾರೆ," ಎಂದು ನರ್ಸ್ ನನಗೆ ಕಣ್ಣು ಮಿಟುಕಿಸುತ್ತಾಳೆ.

ಮಂಜುಗಡ್ಡೆ ಕರಗುತ್ತಿದ್ದಂತೆ ಒಳಚೀಲದ ಮೂಲೆಯಿಂದ ಕೆಂಪು ಎಳೆಯೊಂದು ಇಣುಕುತ್ತದೆ. ಅಯ್ಯೋ, ಚೀಲ ಬಿರಿದಿದೆ! ಅನುಮಾನಕ್ಕ ಚೀಲವನ್ನು ಮೇಲೆತ್ತಿ, ಬಿರಿದ ಮೂಲೆ ಮೇಲೆ ಬರುವಂತೆ ತಿರುಗಿಸಿ, ಇಕ್ಕಳದಿಂದ ಬಿಗಿಯಾಗಿ ಹಿಡಿಯುತ್ತಾರೆ. ಓಡಿಬಂದ ವೈದ್ಯೆ ನೋಡಿ, ಸೋಂಕು ತಗಲದಂತೆ ಔಷಧಿ ಶುರುಮಾಡಿಸಿ, ಮಜ್ಜೆ ಕೊಡಲು ಒಪ್ಪುತ್ತಾರೆ. ಹೊರಚೀಲಕ್ಕೆ ಸೋರಿದ್ದು ಕೆಲವೇ ಹನಿ. ಕೋಟು ಇಲ್ಲದಿದ್ದರೆ ತೊಟ್ಟಿಯ ನೀರೆಲ್ಲ ಮಜ್ಜೆಗೆ ಸೇರುತ್ತಿತ್ತು. ನರ್ಸ್ ಈಗ ನನ್ನ ಕಡೆ ನೋಡುತ್ತಿಲ್ಲ.

ಮಜ್ಜೆ ಒಳಗಿಳಿದಂತೆ ಕೋಣೆಯೆಲ್ಲ ಬೆಳ್ಳುಳ್ಳಿ ವಾಸನೆ. ಹೆಪ್ಪುಗಟ್ಟಿಸುವಾಗ ಬೆರೆಸಿದ ರಾಸಾಯನಿಕದ ಗುಣ ಅದು. ಹೊರಬಂದ ಅನುಮಾನಕ್ಕ ಚೀಲ ಬಿರಿದದ್ದನ್ನು ಹೆಂಡತಿಗೆ ತಾವೇ ಹೇಳುತ್ತಾರೆ. ಅವಳು ಮುಖ ತಿರುಗಿಸುತ್ತಾಳೆ. ಮುಂದಿನ ದಿನಗಳಲ್ಲಿ ಚಾಲಕನಿಗೆ ಜ್ವರ ಏರಿದಾಗಲೆಲ್ಲ ಅವಳ ನೋಟ ಇವರನ್ನೇ ಚುಚ್ಚುತ್ತದೆ. "ನೋಡ್ಲಿ ಬಿಡಿ. ಅವಳ ಜಾಗದಲ್ಲಿದ್ರೆ ನಾನೂ ಹಂಗೇ ನೋಡ್ತಿದ್ದೆ," ಎನ್ನುತ್ತಾರೆ. ಆದರೂ ದಿನಾ ಬೆಳಿಗ್ಗೆ ವಾರ್ಡಿನ ಬಾಗಿಲವರೆಗೆ ಹೋಗಿ ಬರುತ್ತಾರೆ.

ಕೆಲವು ವಾರಗಳ ನಂತರ ಮತ್ತೆ ಹೋಗುತ್ತೇನೆ. ಮಜ್ಜೆ ಚಿಗುರಿದೆ, ಬಿಳಿ ರಕ್ತಕಣ ಏರಿದೆ ಎಂದು ವೈದ್ಯೆ ಹೇಳಿದಾಗ ಅನುಮಾನಕ್ಕ, "ಇನ್ನೊಂದ್ಸಲ ನೋಡಿಸಿ ಮೇಡಂ," ಎಂದರಂತೆ. ಮರುದಿನ ಇನ್ನಷ್ಟು ಏರಿತ್ತು.

ನಾವು ಮಾತಾಡುತ್ತಿರುವಾಗಲೇ ನೆಲಮಾಳಿಗೆಯ ಬಾಗಿಲಲ್ಲಿ ಒಬ್ಬ ಬೋಳುತಲೆಯ ತೆಳ್ಳನೆಯ ಮನುಷ್ಯ ಮುಖಗವಸು ಹಾಕಿ ನಿಂತಿದ್ದಾನೆ, ಹಿಂದೆ ಹೆಂಡತಿ. ಅನುಮಾನಕ್ಕನಿಗೆ ಗುರುತು ಹತ್ತುವುದಿಲ್ಲ. ಹತ್ತಿದರೂ ನಂಬುವ ಪೈಕಿ ಅಲ್ಲ.

"ಯಾರು? ಕೈಪಟ್ಟಿ ತೋರಿಸಿ."

ಅವನು ಬರಿಯ ಮಣಿಕಟ್ಟು ಮುಂದೆ ಚಾಚುತ್ತಾನೆ. "ಕತ್ತರಿಸಿಬಿಟ್ರು ಅಕ್ಕಾ. ಮನೆಗೆ ಹೊರಟಿದೀನಿ."

ರೋಗ ಮತ್ತೆ ಬರುವುದಿಲ್ಲವೆಂದು ಯಾರೂ ಮಾತು ಕೊಟ್ಟಿಲ್ಲ. ಅನುಮಾನಕ್ಕ ಆ ಮಣಿಕಟ್ಟನ್ನು ಹಿಡಿದು ತಿರುವಿ ತಿರುವಿ ನೋಡುತ್ತಾರೆ. ಹೆಂಡತಿ ಮೆಲ್ಲಗೆ ಕೇಳುತ್ತಾಳೆ, "ಇವರದು ಇನ್ನೂ ಏನಾದ್ರೂ ಒಳಗಿದೆಯಾ ಅಕ್ಕಾ?"

"ಒಂದು ಪುಟ್ಟ ಚೀಲ ಇದೆಯಮ್ಮಾ. ನಾನು ಕಾಯ್ತಾ ಇರ್ತೀನಿ. ಅದನ್ನ ಕೇಳ್ಕೊಂಡು ಮಾತ್ರ ನೀವು ಯಾವತ್ತೂ ಬರಬೇಡಿ."