ಕೇಶವಯ್ಯನ ಒಂಬತ್ತು ದಿನದ ಅಡುಗೆ ಕ್ಲಾಸು

ಹಿಂದೂಪುರದ ಮಗ್ಗದ ಕೇಶವಯ್ಯ ನಲವತ್ತೆಂಟನೆಯ ವಯಸ್ಸಿನಲ್ಲಿ ಅಡುಗೆ ಕಲಿಯಲು ಹೊರಟಾಗ ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ನಗುವವರಿಗೇನು ಕಷ್ಟ? ಕೇಶವಯ್ಯನಿಗೆ ಮಾತ್ರ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು.

ಅದು ಎಂಬತ್ತಾರನೆಯ ಇಸವಿ. ಅವನ ಹೆಂಡತಿ ಪದ್ಮಾವತಮ್ಮ ಬೆಂಗಳೂರಿನಲ್ಲಿ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಆಗಷ್ಟೇ ಮನೆಗೆ ಬಂದಿದ್ದಳು. ಮೂರು ತಿಂಗಳು ಕೆಲಸ ಮಾಡುವಂತಿಲ್ಲ, ಹೋಟೆಲಿನ ಊಟ ಮುಟ್ಟುವಂತಿಲ್ಲ, ದಿನಕ್ಕೆ ನಾಲ್ಕು ಸಲ ಮೆತ್ತಗಿನ ಬಿಸಿ ಊಟ ಸ್ವಲ್ಪ ಸ್ವಲ್ಪವೇ ಕೊಡಬೇಕು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಮಕ್ಕಳಿಲ್ಲದ ಮನೆ. ಪಕ್ಕದ ಮನೆಯ ಪೋಲಮ್ಮ ಒಂದೆರಡು ಹೊತ್ತು ತಂದಿಡುತ್ತಿದ್ದಳು. ಅವಳಿಗೂ ಅವಳದೇ ಸಂಸಾರವಿತ್ತಲ್ಲ, ಎಷ್ಟು ದಿನ ಅಂತ ಮಾಡಿಯಾಳು? ವಿಷಯ ಕಲ್ಯಾಣದುರ್ಗಕ್ಕೆ ಮುಟ್ಟಿತು. ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಪದ್ಮಾವತಮ್ಮನ ಅಣ್ಣ ಕೊಂಡಪ್ಪ ಗುರುವಾರದ ಮೊದಲನೇ ಬಸ್ಸಿಗೇ ಬಂದಿಳಿದ.

"ನೀನು ಮಗ್ಗ ತುಳಿಯೋದು ಬಿಟ್ರೆ ಒಂದು ಲೋಟ ನೀರು ಕಾಯ್ಸಿದೋನಲ್ಲ ಕಣಪ್ಪ. ನನ್ನ ತಂಗೀನ ಉಪವಾಸ ಕೆಡವ್ತೀಯಾ? ಹೊಲಿಗೆ ಇನ್ನೂ ಹಸಿ ಐತೆ. ಬರೋ ಸೋಮವಾರ ಬಿಟ್ಟು ಆಚೆ ಸೋಮವಾರ ಕಾರು ಮಾಡ್ಕೊಂಡ್ ಬತ್ತೀನಿ, ಕರ್ಕೊಂಡ್ ಹೋಯ್ತೀನಿ. ನಮ್ಮನೇಲಿರ್ಲಿ. ಆಮೇಲೆ ನೋಡಾನ."

ಆ 'ಆಮೇಲೆ ನೋಡಾನ' ಎಂಬ ಮಾತು ಕೇಶವಯ್ಯನಿಗೆ ಮುಳ್ಳಿನಂತೆ ಚುಚ್ಚಿತು. ಹೋದವಳು ಮರಳಿ ಬರುವುದಿಲ್ಲ ಎಂದು ಅವನಿಗೆ ಯಾಕೋ ಖಾತ್ರಿಯಾಗಿಬಿಟ್ಟಿತು. ಪದ್ಮಾವತಮ್ಮ ಹೋಗುತ್ತೇನೆ ಅನ್ನಲಿಲ್ಲ, ಇರುತ್ತೇನೆ ಅಂತಲೂ ಅನ್ನಲಿಲ್ಲ. ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದಳು. ಅವಳು ಯಾವ ಬಾಯಲ್ಲಿ ಇರುತ್ತೇನೆ ಅಂದಾಳು? ಮದುವೆಯಾಗಿ ಇಪ್ಪತ್ತೆರಡು ವರ್ಷ, ಗಂಡ ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ಅವಳು ಕಂಡಿರಲಿಲ್ಲ.

ಅದು ಸೊಕ್ಕಲ್ಲ, ಆ ಮನೆಯ ಕಟ್ಟಳೆ. ಬಿಳಿ ನೂಲು ಮುಟ್ಟುವ ಕೈಗೆ ಎಣ್ಣೆ, ಅರಿಶಿನ ಸೋಕಬಾರದು ಎಂದು ಕೇಶವಯ್ಯನ ತಾಯಿ ಮಗನನ್ನು ಒಲೆಯ ಹತ್ತಿರಕ್ಕೆ ಬಿಟ್ಟವಳೇ ಅಲ್ಲ. ನೆಂಟರ ಮನೆಯಲ್ಲೂ ಅವನು ಚಮಚದಲ್ಲೇ ಉಣ್ಣುತ್ತಿದ್ದ.

ಮಾರನೆಯ ದಿನ ಬೆಳಗ್ಗೆ ಅವನು ಸರ್ವಮಂಗಳಮ್ಮನ ಮನೆಯ ಬಾಗಿಲಲ್ಲಿ ನಿಂತಿದ್ದ. ಆಕೆ ಹೈಸ್ಕೂಲಿನಲ್ಲಿ ಹೋಮ್ ಸೈನ್ಸ್ ಟೀಚರ್ ಆಗಿ ರಿಟೈರ್ ಆದವರು. ಮದುವೆ ಗೊತ್ತಾದ ಹುಡುಗಿಯರಿಗೆ ಹಿತ್ತಿಲಲ್ಲಿ ಸಾಲಾಗಿ ಪಂಪ್ ಸ್ಟವ್ ಇಟ್ಟು ಹತ್ತು ದಿನದಲ್ಲಿ ಮನೆಯಡುಗೆ ಕಲಿಸುತ್ತಿದ್ದರು. ಅಂದೇ ಹೊಸ ಕ್ಲಾಸು ಶುರುವಾಗುವುದಿತ್ತು. ಕೇಶವಯ್ಯ ತೊದಲುತ್ತಾ ಎಲ್ಲವನ್ನೂ ಹೇಳಿಕೊಂಡ.

"ಗಂಡಸರಿಗೆ ಇದುವರೆಗೂ ಹೇಳ್ಕೊಟ್ಟಿಲ್ಲಪ್ಪ ನಾನು," ಎಂದರು ಆಕೆ. ಅವನ ಮುಖವನ್ನು ಒಂದು ಗಳಿಗೆ ನೋಡಿದರು. "ಬಾ. ಚಪ್ಪಲಿ ಅಲ್ಲೇ ಬಿಟ್ಟು ಕೈ ತೊಳ್ಕೊಂಡು ಬಾ."

ಹಿತ್ತಿಲಲ್ಲಿ ಐದು ಹುಡುಗಿಯರಿದ್ದರು. ಗಂಗಾದೇವಿ ಎಂಬ ಬಾಯಿಬಡುಕಿ, "ಏಂ ಮಾಮಾ, ಪೆಳ್ಳಿಚೂಪುಲಾ?" ಎಂದು ತೆಲುಗಿನಲ್ಲಿ ಕೇಳಿಯೇಬಿಟ್ಟಳು. ವಧು ನೋಡಲು ಗಂಡಿನ ಕಡೆಯವರು ಬರುತ್ತಾರಾ ಎಂಬ ಪ್ರಶ್ನೆಗೆ ನಲವತ್ತೆಂಟರ ಮನುಷ್ಯ ಏನು ಉತ್ತರ ಕೊಡಬೇಕು? ಕೇಶವಯ್ಯ ತಲೆ ತಗ್ಗಿಸಿ ಅಕ್ಕಿ ತೊಳೆದ. ನೂಲು ಹಿಂಡುವ ಹಾಗೆ ಹಿಂಡಿ ಹಿಂಡಿ ತೊಳೆದದ್ದರಿಂದ ಅರ್ಧ ಅಕ್ಕಿ ನುಚ್ಚಾಯಿತು.

ಮೂರನೆಯ ದಿನ ಸ್ಟವ್ ಭಗ್ಗನೆ ಎದ್ದು ಅವನ ಮುಂಗೈಯ ಕೂದಲೆಲ್ಲ ಸುಟ್ಟುಹೋಯಿತು. ಹುಡುಗಿಯರು ಕಿರುಚಿದರು. ಹತ್ತು ದಿನ ಮುಗಿಯುವವರೆಗೆ ಮನೆಯಲ್ಲಿ ಒಬ್ಬನೇ ಸ್ಟವ್ ಹಚ್ಚಕೂಡದು ಎಂದು ಟೀಚರು ಅವನಿಂದ ಮಾತು ತೆಗೆದುಕೊಂಡರು. ಕ್ಲಾಸಿನಲ್ಲಿ ಮಾಡಿದ್ದನ್ನೇ ಕ್ಯಾರಿಯರಿಗೆ ತುಂಬಿ ಹೆಂಡತಿಗೆ ಕಳಿಸುತ್ತಿದ್ದರು. ಕೇಶವಯ್ಯ ರಾತ್ರಿಯಾದರೆ ಬೆರಳು ಮಡಿಸುತ್ತಿದ್ದ: ಇನ್ನು ಆರು ದಿನ, ಇನ್ನು ಐದು ದಿನ. ಒಂದು ದಿನ ಮುದ್ದೆ ಗಂಟಾಯಿತು, ಒಂದು ದಿನ ಬೇಳೆ ತಳ ಹಿಡಿಯಿತು. ಏಳನೆಯ ದಿನಕ್ಕೆ ಕೈ ಹದಕ್ಕೆ ಬಂತು. ಒಂಬತ್ತನೆಯ ದಿನ, ಶನಿವಾರ, ಅವನು ಮಾಡಿದ ಹೆಸರುಬೇಳೆ ಸೊಪ್ಪಿನ ಸಾರನ್ನು ಗಂಗಾದೇವಿ ಎರಡು ಸಲ ಹಾಕಿಸಿಕೊಂಡು ಉಂಡಳು, ಮಾಮಾ ಅಂತ ಗೇಲಿ ಮಾಡುವುದನ್ನೂ ಮರೆತಳು. ನಾಳೆ ಒಂದು ದಿನ ಕಳೆದರೆ ಗೆದ್ದೆ ಅಂದುಕೊಂಡ ಕೇಶವಯ್ಯ.

ಭಾನುವಾರ ಬೆಳಗ್ಗೆ ಅವನು ಕ್ಯಾರಿಯರ್ ಹಿಡಿದು ಕ್ಲಾಸಿಗೆ ಹೊರಡುವಾಗ ಬಾಗಿಲ ಮುಂದೆ ಕಾರು ನಿಂತಿತು.

"ನಾಳೆ ಅಂಗಡಿಗೆ ಮಾಲು ಬತ್ತೈತೆ ಕಣಪ್ಪ, ಅದಕ್ಕೇ ಇವತ್ತೇ ಬಂದ್ಬುಟ್ಟೆ," ಎಂದು ಕೊಂಡಪ್ಪ ಇಳಿದ. "ಪದ್ಮಾ, ಹೊರಡವ್ವ."

ಕೇಶವಯ್ಯನಿಗೆ ಮಾತು ಹೇಗೆ ಬಂತೋ ಅವನಿಗೇ ತಿಳಿಯದು. "ಬಾವ, ಒಂದು ಗಂಟೆ ಟೈಮ್ ಕೊಡು. ನಾನು ಅಡುಗೆ ಮಾಡಿ ಬಡಿಸ್ತೀನಿ. ನೀನೇ ಉಂಡು ನೋಡು. ನಿನ್ನ ತಂಗಿಗೆ ಹಾಕೋ ಅಂಥ ಊಟ ಅಲ್ಲ ಅನ್ನಿಸಿದ್ರೆ ನಾನೇ ಕರ್ಕೊಂಬಂದು ಕಾರು ಹತ್ತಿಸ್ತೀನಿ."

ಕೊಂಡಪ್ಪ ಗಡಿಯಾರ ನೋಡಿಕೊಂಡ. "ಮಾಡಪ್ಪ. ಅದನ್ನೂ ನೋಡೇಬಿಡಾನ."

ಟೀಚರಿಗೆ ಕೊಟ್ಟ ಮಾತು ಮುರಿದು ಕೇಶವಯ್ಯ ಒಬ್ಬನೇ ಸ್ಟವ್ ಮುಂದೆ ಕೂತ. ಮೂರು ಕಡ್ಡಿ ಗೀರಿದರೂ ಹತ್ತಲಿಲ್ಲ. ನಾಲ್ಕನೆಯದಕ್ಕೆ ಬೆಂಕಿ ಮೇಲೆದ್ದು, ಆಮೇಲೆ ಉರಿ ನೀಲಿಗೆ ತಿರುಗಿತು. ನಡುಮನೆಯಲ್ಲಿ ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಕೊಂಡಪ್ಪ ತಂಗಿಯ ಸೀರೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತಿದ್ದ. ಕೇಶವಯ್ಯ ಆ ಕಡೆ ತಿರುಗದೆ ಸೊಪ್ಪು ಹೆಚ್ಚಿದ. ಅನ್ನ ಅಗುಳು ಒಡೆಯದೆ ಮೆತ್ತಗಾಯಿತು, ಬೇಳೆ ಕರಗಿತು, ಜೀರಿಗೆ ಒಗ್ಗರಣೆಗೆ ಮನೆಯೆಲ್ಲ ಘಮ್ಮೆಂದಿತು. ಪದ್ಮಾವತಮ್ಮ ಮಂಚದ ಮೇಲೆ ತಾನಾಗಿ ಎದ್ದು ಕೂತಳು.

ಅಣ್ಣ ತಂಗಿ ಇಬ್ಬರಿಗೂ ತಟ್ಟೆ ಇಟ್ಟು ಬಡಿಸಿದ. ಕೊಂಡಪ್ಪ ಕಲಸಿ ಮೊದಲನೇ ತುತ್ತು ಬಾಯಿಗಿಟ್ಟ. ಅಗಿಯುವುದನ್ನು ನಿಲ್ಲಿಸಿದ.

"ಏನಪ್ಪಾ ಇದು? ಒಂದು ಹರಳು ಉಪ್ಪಿಲ್ಲ!"

ಕ್ಲಾಸಿನಲ್ಲಿ ಉಪ್ಪು ಹಾಕುತ್ತಿದ್ದವರು ಟೀಚರು. ಹೊಸಬರು ಸುರಿದು ಕೆಡಿಸುತ್ತಾರೆಂದು ಒಂಬತ್ತು ದಿನ ಉಪ್ಪನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು, ಹತ್ತನೆಯ ದಿನ ಕಲಿಸುವುದು ಅವರ ಪದ್ಧತಿ. ಆ ಹತ್ತನೆಯ ದಿನವೇ ಇವತ್ತು. ಬೇರೆ ಯಾರಾಗಿದ್ದರೂ ಉಪ್ಪು ತಾನಾಗಿ ನೆನಪಾಗುತ್ತಿತ್ತು. ಈ ಕ್ಲಾಸಿಗೆ ಮುಂಚೆ ಕೇಶವಯ್ಯ ಹುಟ್ಟಿದಾಗಿನಿಂದ ಬೇಯಿಸಿದ್ದು ಒಂದನ್ನೇ, ಮಗ್ಗದ ನೂಲಿಗೆ ಹಚ್ಚುವ ಗಂಜಿಯನ್ನು, ಅದೂ ಅಂಗಳದಲ್ಲಿ ಮೂರು ಕಲ್ಲು ಹೂಡಿ. ಆ ಗಂಜಿಗೆ ಉಪ್ಪು ಬಿದ್ದರೆ ನೂಲು ತೇವ ಹಿಡಿದು ಹಾಳಾಗುತ್ತದೆ. ಕುದಿಯುವ ಪಾತ್ರೆಯ ಹತ್ತಿರ ಉಪ್ಪು ತರಬಾರದೆಂದು ಅವನ ಕೈ ಕಲಿತುಬಿಟ್ಟಿತ್ತು.

ಇದನ್ನೆಲ್ಲ ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿ ಏನು ಪ್ರಯೋಜನ? ಸೋತವನು ಸೋತ ಹಾಗೆ. ಅವಮಾನಕ್ಕಿಂತ ಹೆಚ್ಚಾಗಿ ಸಂಕಟವಾಯಿತು ಅವನಿಗೆ.

ಕೊಂಡಪ್ಪ ಕೈ ತೊಳೆಯಲು ಎದ್ದ. "ಇವ್ನ ಕೈಗೆ ನಿನ್ನ ಬಿಟ್ಟು ಹೋಗಾ? ನಡಿಯವ್ವ, ಹೊತ್ತಾಯ್ತು."

ಕೇಶವಯ್ಯ ಆಡಿದ ಮಾತಿಗೆ ತಪ್ಪಲಿಲ್ಲ. ಬಗ್ಗಿ ಸೀರೆಯ ಚೀಲವನ್ನು ಕೈಗೆತ್ತಿಕೊಂಡ.

"ಅದನ್ನ ಕೆಳಗಿಡಿ," ಎಂದಳು ಪದ್ಮಾವತಮ್ಮ. ಆಸ್ಪತ್ರೆಯಿಂದ ಬಂದ ಮೇಲೆ ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿಸಿದ್ದು ಅದೇ ಮೊದಲು. "ಒಲೆ ಪಕ್ಕದ ಗೂಡಿನಾಗೆ, ಹುಣಸೆಹಣ್ಣಿನ ಮಡಕೆ ಹಿಂದೆ ಜಾಡಿ ಐತೆ. ಉಪ್ಪು ತಕ್ಕೊಂಬನ್ನಿ."

"ಪದ್ಮಾ..." ಎಂದ ಕೊಂಡಪ್ಪ.

"ಅಣ್ಣಾ, ನೀನು ನನ್ನ ಚೆನ್ನಾಗಿ ನೋಡ್ಕೊಂತೀಯ, ನಂಗೊತ್ತು. ಆದ್ರೆ ನಿಮ್ಮನೇಲಿ ನಂಗೆ ಉಪ್ಪು ಬೇಕು ಅಂದ್ರೆ ಅತ್ತಿಗೇನ ಕೇಳ್ಬೇಕು. ಇಲ್ಲಿ ಎಲ್ಲೈತೆ ಅಂತ ಹೇಳಿದ್ರೆ ಸಾಕು. ಕೂತ್ಕೊ, ಅನ್ನ ಆರೋಯ್ತದೆ."

ಕೊಂಡಪ್ಪ ಮತ್ತೆ ತಟ್ಟೆಯ ಮುಂದೆ ಕೂತ.

ಜಾಡಿ ಅವಳು ಹೇಳಿದ ಜಾಗದಲ್ಲೇ ಇತ್ತು. ಕೇಶವಯ್ಯ ಅದನ್ನು ಎದೆಗವಚಿಕೊಂಡು ಬಂದ. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಸಾರಿನ ಪಾತ್ರೆಯ ಮುಂದೆ ಕೂತು, ಒಂದು ಚಿಟಿಕೆ ಹಾಕಿ ಹೆಂಡತಿಯ ಮುಖ ನೋಡಿದ.

"ಸಾಕಾ?"

"ಇನ್ನೊಂಚೂರು," ಎಂದಳು ಪದ್ಮಾವತಮ್ಮ.